ಚೆಕ್ ಎಂಜಿನ್ ದೀಪದ ಮಾತೆಷ್ಟು, ನಮ್ಮ ಊಹೆಯೆಷ್ಟು

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಿದೆಯೆಂದು ಕಾರನ್ನು ಮೈಸೂರಿನ ಯಾವುದಾದರೂ ಗ್ಯಾರೇಜಿಗೆ ಒಯ್ದರೆ, ಸ್ಕ್ಯಾನರ್ ಹಾಕಿದ ಮರುಕ್ಷಣವೇ ‘ಸೆನ್ಸರ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು’ ಎಂಬ ತೀರ್ಪು ಬರುವುದುಂಟು. ಸ್ಕ್ಯಾನರ್ ತೋರಿಸುವ ಕೋಡ್, ಅಂದರೆ ಕಾರಿನ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಸಂಕೇತ, ಹಾಗೆ ಹೇಳಿರುವುದಿಲ್ಲ ಎಂಬುದೇ ನನ್ನ ತಕರಾರು.

ಎಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಬಿಡಿಭಾಗಗಳು ಕಾಣುವುದಿಲ್ಲ. ಕಾಣುವುದು ಹೆಚ್ಚಾಗಿ ವೋಲ್ಟೇಜು ಮತ್ತು ಸಮಯ. ಎಂಜಿನ್ನನ್ನು ತಂಪಾಗಿಡುವ ದ್ರವದ, ಅಂದರೆ ಕೂಲೆಂಟಿನ, ಬಿಸಿ ಅಳೆಯುವ ಸೆನ್ಸರಿನ ಲೈನಿಗೆ ಅದು 5 ವೋಲ್ಟ್ ಕೊಟ್ಟು, ಅಲ್ಲಿ ಉಳಿಯುವ ವೋಲ್ಟೇಜಿನಿಂದ ಉಷ್ಣಾಂಶವನ್ನು ಲೆಕ್ಕ ಹಾಕುತ್ತದೆ. ಆ ಲೈನು 5ರ ಹತ್ತಿರವೇ ನಿಂತುಬಿಟ್ಟರೆ ಪಿ0118 ಎಂಬ ಕೋಡ್ ದಾಖಲಾಗುತ್ತದೆ. ಸೆನ್ಸರ್ ಕೆಟ್ಟಿರಲಿ, ಕನೆಕ್ಟರ್ ಕಳಚಿರಲಿ, ರಾತ್ರಿ ಬಾನೆಟ್ಟಿನೊಳಗೆ ಹೊಕ್ಕ ಇಲಿ ವೈರು ಕಡಿದಿರಲಿ, ಕಂಪ್ಯೂಟರಿಗೆ ಮೂರೂ ಒಂದೇ. ಮಿಸ್‌ಫೈರನ್ನೂ, ಅಂದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದನ್ನೂ, ಅದು ಪರೋಕ್ಷವಾಗಿಯೇ ಹಿಡಿಯುತ್ತದೆ: ಪ್ರತಿ ಸಿಲಿಂಡರ್ ಉರಿದಾಗಲೂ ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟ್ ತುಸು ವೇಗ ಪಡೆಯಬೇಕು, ಒಂದನೇ ಸಿಲಿಂಡರಿನ ಸರದಿಯಲ್ಲಿ ಆ ವೇಗ ಮತ್ತೆ ಮತ್ತೆ ಬಾರದಿದ್ದರೆ ಪಿ0301. ತಪ್ಪು ಕಿಡಿ ಹೊತ್ತಿಸುವ ಪ್ಲಗ್ಗಿನದೋ ಅದಕ್ಕೆ ವಿದ್ಯುತ್ ಕೊಡುವ ಕಾಯಿಲಿನದೋ ಇಂಧನ ಚಿಮ್ಮಿಸುವ ಇಂಜೆಕ್ಟರಿನದೋ ಎಂಬುದನ್ನು ಮೆಕ್ಯಾನಿಕ್ಕೇ ಪರೀಕ್ಷಿಸಿ ತಿಳಿಯಬೇಕು.

ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದ ಒಬಿಡಿ-2 ವ್ಯವಸ್ಥೆ, ಅಂದರೆ ಕಾರು ತನ್ನ ದೋಷಗಳನ್ನು ತಾನೇ ಪತ್ತೆಹಚ್ಚಿ ಕೋಡ್ ದಾಖಲಿಸುವ ಈ ಏರ್ಪಾಟು, ಭಾರತದಲ್ಲಿ ಬಿಎಸ್-4 ಎಂಬ ಹೊಗೆ ಮಾನದಂಡದ ಕಾರುಗಳಿಗೆ 2013ರಲ್ಲಿ ಕಡ್ಡಾಯವಾಯಿತು. ಅದರ ಮೂಲ ಉದ್ದೇಶ ಹೊಗೆಯ ನಿಯಂತ್ರಣವಾದ್ದರಿಂದ, ಬ್ರೇಕ್ ಪ್ಯಾಡ್ ಪೂರ್ತಿ ಸವೆದರೂ ಈ ದೀಪ ತಣ್ಣಗಿರುತ್ತದೆ.

ಅನೇಕ ದೋಷಗಳು ಮೊದಲ ಸಲ ಕಂಡಾಗ ‘ಪೆಂಡಿಂಗ್’ ಆಗಿ ಉಳಿದು, ಮುಂದಿನ ಓಡಾಟದಲ್ಲೂ ಕಂಡರೆ ಮಾತ್ರ ದೀಪ ಹೊತ್ತಿಸುತ್ತವೆ. ದೀಪ ಮಿನುಗತೊಡಗಿದರೆ ವಿಷಯ ಬೇರೆ: ಉರಿಯದ ಪೆಟ್ರೋಲು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುವಷ್ಟು ಮಿಸ್‌ಫೈರ್ ಆಗುತ್ತಿದೆ ಎಂದರ್ಥ, ವೇಗ ತಗ್ಗಿಸಿ ಗಾಡಿಯನ್ನು ಬದಿಗೆ ನಿಲ್ಲಿಸಬೇಕು.

ದೋಷ ದಾಖಲಾದ ಹೊತ್ತಿನ ಎಂಜಿನ್ ವೇಗ, ಲೋಡ್, ಕೂಲೆಂಟ್ ಉಷ್ಣಾಂಶಗಳನ್ನು ಕಂಪ್ಯೂಟರ್ ‘ಫ್ರೀಜ್ ಫ್ರೇಮ್’ ಎಂದು ಕಾದಿರಿಸುತ್ತದೆ. ಚಾಮುಂಡಿ ಬೆಟ್ಟ ಹತ್ತುವಾಗಿನ ಭಾರದಲ್ಲಷ್ಟೇ ತಪ್ಪುವ ಕಾಯಿಲು ಗ್ಯಾರೇಜಿನಲ್ಲಿ ನಿಂತ ಕಾರಿನಲ್ಲಿ ಸಿಕ್ಕಿಬೀಳುವುದು ಕಷ್ಟ. ಆಗ ಈ ಅಂಕಿಗಳೇ ಆಧಾರ. ನೋಡಿ ಬರೆದುಕೊಳ್ಳುವ ಮೊದಲೇ ಕೋಡ್ ಅಳಿಸಿದರೆ ಅವೂ ಅಳಿಯುತ್ತವೆ. ಜೊತೆಗೆ ಕನ್ವರ್ಟರಿನಂಥವುಗಳ ಸ್ವಯಂಪರೀಕ್ಷೆಗಳು ಮೊದಲಿನಿಂದ ಶುರುವಾಗಿ, ಮುಗಿಯಲು ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ದೀಪ ಆರಿರುವುದು ರಿಪೇರಿಯಾದುದಕ್ಕೆ ಸಾಕ್ಷಿಯಲ್ಲ.