ತೀಸ್ ಜನವರಿ ಮಾರ್ಗ್‌ಗೆ ಕಾರವಾರದಿಂದ ಹೋಗುವವರಿಗೆ

ಕಳೆದ ಚಳಿಗಾಲದಲ್ಲಿ ನಾನು ಮತ್ತು ಶಿರಸಿ ಕಡೆಯ ನನ್ನ ಸೋದರಮಾವ ದೆಹಲಿಗೆ ಹೋಗಿ ಬಂದೆವು. ಗಾಂಧೀಜಿ ಗುಂಡೇಟಿಗೆ ಬಿದ್ದ ಜಾಗ, ತೀಸ್ ಜನವರಿ ಮಾರ್ಗ್‌ನಲ್ಲಿರುವ ಗಾಂಧಿ ಸ್ಮೃತಿ (ಹಿಂದಿನ ಬಿರ್ಲಾ ಹೌಸ್), ನೋಡುವುದಷ್ಟೇ ನಮ್ಮ ಉದ್ದೇಶವಾಗಿತ್ತು. ಇದಕ್ಕೆ ಕಾರಣ ಮನೆಯವರ ವಾಟ್ಸಾಪ್ ಗ್ರೂಪ್. "ಗೋಡ್ಸೆ ಹೊಡೆದದ್ದು ಮೂರು ಗುಂಡು, ಜೀವ ತೆಗೆದದ್ದು ನಾಲ್ಕನೆಯದು, ಅದನ್ನು ಹೊಡೆದವರೇ ಬೇರೆ" ಎಂಬ ಸಂದೇಶ ಪ್ರತಿ ಜನವರಿಯಲ್ಲೂ ಅಲ್ಲಿಗೆ ಬರುತ್ತದೆ. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದಾಗ ಮಾವನ ಅಜ್ಜ ಹಳ್ಳಿಯಿಂದ ನಡೆದು ಹೋಗಿ ನೋಡಿದ್ದರಂತೆ. ಹಾಗಾಗಿ ಈ ಸಂದೇಶ ಕಂಡರೆ ಮಾವನಿಗೆ ಸಂಕಟ. "ಬಾರೋ ತಮ್ಮಾ, ಒಂದ್ಸಲ ಹೋಗಿ ನೋಡ್ಕೊಂಡೇ ಬರೋಣ" ಎಂದರು.

ಕಾರವಾರದಿಂದ ನೇರ ಹೋಗಲು ಮಂಗಳಾ ಎಕ್ಸ್‌ಪ್ರೆಸ್ ಇದೆ, ಹಜರತ್ ನಿಜಾಮುದ್ದೀನ್‌ನಲ್ಲಿ ಇಳಿಸುತ್ತದೆ. ರೈಲು ನಿಲ್ದಾಣ ಊರೊಳಗಿಲ್ಲ, ಶಿರವಾಡದಲ್ಲಿದೆ. ಆಟೋ ಮೊದಲೇ ಹೇಳಿಡಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿ ಬದಲಾಗುತ್ತದೆ, ನೋಡಿಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಉತ್ತರದಲ್ಲಿ ಮಂಜು ಬಿದ್ದು ರೈಲು ತಡವಾಗುವುದು ಸಾಮಾನ್ಯ. ಇಳಿದ ದಿನ ಏನನ್ನೂ ನೋಡುವ ಯೋಜನೆ ಬೇಡ. ನಮ್ಮ ಕರಾವಳಿಯವರ ಮನೆಯಲ್ಲಿ ದಪ್ಪ ಸ್ವೆಟರ್ ಇರುವುದು ಕಡಿಮೆ. ಯಾರದ್ದಾದರೂ ಕೇಳಿ ತಂದಾದರೂ ಒಯ್ಯಿರಿ.

ಸೋಮವಾರ ಮಾತ್ರ ಹೋಗಬೇಡಿ. ಗಾಂಧಿ ಸ್ಮೃತಿಗೂ ರಾಜಘಾಟ್ ಎದುರಿನ ಗಾಂಧಿ ಸಂಗ್ರಹಾಲಯಕ್ಕೂ ಅವತ್ತು ರಜೆ. ಜನವರಿ 30ರಂದು ಗಣ್ಯರು ಬರುತ್ತಾರೆ, ಭದ್ರತೆ ಜಾಸ್ತಿ. ಸಮಾಧಾನವಾಗಿ ನೋಡುವವರಿಗೆ ಆ ದಿನವೂ ಸರಿಯಲ್ಲ. ಇನ್ನೊಂದು ಮಾತು. ನಾವು ಆಟೋದವರಿಗೆ "ಬಿರ್ಲಾ ಹೌಸ್" ಅಂದೆವು. ಅವರು ಬಿರ್ಲಾ ಮಂದಿರದ ಎದುರು ಇಳಿಸಿ ಹೋದರು. ನೀವು "ತೀಸ್ ಜನವರಿ ಮಾರ್ಗ್, ಗಾಂಧಿ ಸ್ಮೃತಿ" ಎಂದೇ ಹೇಳಿ. ಮೆಟ್ರೋದಲ್ಲಾದರೆ ಲೋಕ ಕಲ್ಯಾಣ ಮಾರ್ಗ ನಿಲ್ದಾಣ, ಅಲ್ಲಿಂದ ಆಟೋ.

ಗಾಂಧಿ ಸ್ಮೃತಿಗೆ ಟಿಕೆಟ್ ಇಲ್ಲ. ಗಾಂಧೀಜಿ ಕೊನೆಯ 144 ದಿನ ಇದ್ದದ್ದು ಇಲ್ಲೇ. ಅವರ ಕೋಣೆಯಿಂದ ಪ್ರಾರ್ಥನೆಯ ಜಾಗದವರೆಗೆ ಹೆಜ್ಜೆಗಳನ್ನು ಕಲ್ಲಿನಲ್ಲಿ ಮಾಡಿಟ್ಟಿದ್ದಾರೆ. ಆ ಹೆಜ್ಜೆಗಳ ಪಕ್ಕದಲ್ಲೇ ನಿಧಾನ ನಡೆಯಿರಿ. ಮಾವ ಚಪ್ಪಲಿ ಬಿಟ್ಟು ನಡೆದರು. ಹೆಜ್ಜೆಗಳು ಮುಗಿಯುವಲ್ಲಿ ಹುತಾತ್ಮ ಸ್ತಂಭ ಇದೆ. 1948ರ ಜನವರಿ 30, ಶುಕ್ರವಾರ ಸಂಜೆ 5 ಗಂಟೆ 17 ನಿಮಿಷಕ್ಕೆ ಗೋಡ್ಸೆ ಎದುರು ಬಂದು, ಗಾಂಧೀಜಿಯ ಜೊತೆ ನಡೆಯುತ್ತಿದ್ದ ಮೊಮ್ಮಗಳ ಸಂಬಂಧದ ಮನುಬೆನ್‌ರನ್ನು ಪಕ್ಕಕ್ಕೆ ತಳ್ಳಿ, ಕೈಗೆಟಕುವ ದೂರದಿಂದ ಗುಂಡು ಹಾರಿಸಿದ್ದು ಅಲ್ಲೇ.

ಮಾವನ ಮನೆಯಲ್ಲಿ ತೋಟ ಕಾಯುವ ಲೈಸೆನ್ಸ್ ಕೋವಿ ಇದೆ. ಮಂಗ, ಹಂದಿಗಳ ಕಾಟಕ್ಕೆ ಇಟ್ಟದ್ದು, ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಬೇಕು. ಹಾಗಾಗಿ ಈಡಿನ ವಿಷಯ ಅವರಿಗೆ ಗೊತ್ತು. ಅಲ್ಲೇ ಹುಲ್ಲಿನ ಮೇಲೆ ಕೂತು ವಿವರಿಸಿದರು. ಗೋಡ್ಸೆಯ ಕೈಯಲ್ಲಿದ್ದದ್ದು ಇಟಲಿಯ ಬೆರೆಟ್ಟಾ ಪಿಸ್ತೂಲು, 606824 ನಂಬರಿನದು, ಗ್ವಾಲಿಯರ್‌ನಲ್ಲಿ ಸಂಪಾದಿಸಿದ್ದು. ಅದರ ಮ್ಯಾಗಜೀನ್‌ನಲ್ಲಿ ಏಳು ತೋಟೆ ಹಿಡಿಯುತ್ತದೆ. ಗೋಡ್ಸೆಯನ್ನು ಹಿಡಿದಾಗ ಅದರಲ್ಲಿ ನಾಲ್ಕು ಉಳಿದಿದ್ದವು. ಮೂರು ಹೋಗಿವೆ, ಲೆಕ್ಕ ಸರಿ ಎಂದು ನಾನಂದೆ. "ಅಷ್ಟಕ್ಕೇ ಒಪ್ಪಬೇಡ" ಎಂದರು ಮಾವ. ಏಳರ ಜೊತೆ ನಳಿಗೆಯಲ್ಲಿ ಇನ್ನೊಂದು ತುಂಬಿಡಬಹುದು. ಎಣಿಕೆಗಿಂತ ಗೀರು ಮುಖ್ಯ.

ನಮ್ಮ ತೋಟದ ಕೋವಿಯ ನಳಿಗೆ ಒಳಗೆ ನುಣುಪು. ಅದರಿಂದ ಹೋದ ಚರೆಯನ್ನು ನೋಡಿ ಇದು ಇಂಥ ಕೋವಿಯದು ಎನ್ನಲು ಬರುವುದಿಲ್ಲ. ಖಾಲಿ ತೋಟೆಯ ಹಿಂಬದಿಯ ಗುರುತು ನೋಡಿ ಮಾತ್ರ ಹೇಳಬಹುದು. ಪಿಸ್ತೂಲಿನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ, ಅವು ಗುಂಡಿನ ಮೈಮೇಲೆ ಬೀಳುತ್ತವೆ. ಸ್ಥಳದಲ್ಲಿ ಸಿಕ್ಕ ಗುಂಡು, ಖಾಲಿ ತೋಟೆಗಳನ್ನು ಪಂಜಾಬಿನ ಫಿಲ್ಲೌರ್ ಪ್ರಯೋಗಾಲಯದಲ್ಲಿ ಈ ಪಿಸ್ತೂಲಿನ ಜೊತೆ ಹೋಲಿಸಿ ನೋಡಿದ್ದರು. ಅವು ಅದರವೇ ಎಂದಾಯಿತು.

ಹಾಗಾದರೆ ನಾಲ್ಕು ಎಂಬ ಮಾತು ಎಲ್ಲಿಂದ ಬಂತು? ಆಗಿನ ಕೆಲವು ಪತ್ರಿಕೆಗಳು ಹಾಗೆ ಬರೆದಿದ್ದವು. ಮರಣೋತ್ತರ ಪರೀಕ್ಷೆ ಆಗಿರಲಿಲ್ಲ, ಹೊರಗಿನಿಂದಷ್ಟೇ ಗಾಯ ನೋಡಿದ್ದರು. ಮೂರು ಗುಂಡು ಒಳಹೊಕ್ಕು ಎರಡು ಬೆನ್ನಿನಿಂದ ಹೊರಬಂದರೆ ಐದು ಗಾಯ ಆಗುತ್ತದೆ, ಅಲ್ವಾ? ಗಾಯ ಎಣಿಸಿ ಗುಂಡು ಎಣಿಸಲಾಗದು. ಮಡಿಸಿ ಹೊದ್ದ ಬಟ್ಟೆಯಲ್ಲಿ ಒಂದೇ ಗುಂಡು ಎರಡು ಮೂರು ತೂತು ಮಾಡುತ್ತದೆ. ಮರುತನಿಖೆ ಬೇಕೆಂಬ ಅರ್ಜಿ ಸುಪ್ರೀಂ ಕೋರ್ಟ್‌ಗೂ ಹೋಗಿತ್ತು. ಕೋರ್ಟ್ ಹಿರಿಯ ವಕೀಲ ಅಮರೇಂದ್ರ ಶರಣ್ ಅವರಿಂದ ದಾಖಲೆ ಪರಿಶೀಲನೆ ಮಾಡಿಸಿ, 2018ರ ಮಾರ್ಚ್‌ನಲ್ಲಿ ಅರ್ಜಿ ವಜಾ ಮಾಡಿತು.

ಮಧ್ಯಾಹ್ನದ ಮೇಲೆ ರಾಜಘಾಟ್ ಎದುರಿನ ಸಂಗ್ರಹಾಲಯಕ್ಕೆ ಹೋಗಿ. ಹತ್ತಿರದ ಮೆಟ್ರೋ ದಿಲ್ಲಿ ಗೇಟ್. ರಕ್ತದ ಕಲೆಯ ಬಟ್ಟೆ ಮತ್ತು ಒಂದು ಗುಂಡು ಅಲ್ಲಿವೆ. ಗುಂಡು ತೀರಾ ಸಣ್ಣದು. ನನಗೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲು ಆಗಲಿಲ್ಲ.

ಹೊರಡುವ ಮೊದಲು ಕಪೂರ್ ಆಯೋಗದ ವರದಿಯ ಸ್ವಲ್ಪ ಭಾಗವನ್ನಾದರೂ ಓದಿಕೊಳ್ಳಿ. ಗಾಂಧಿ ಹತ್ಯೆಯ ಸಂಚಿನ ತನಿಖೆಗೆ 1966ರಲ್ಲಿ ನೇಮಕವಾಗಿ 1969ರಲ್ಲಿ ವರದಿ ಕೊಟ್ಟ ಆಯೋಗ ಅದು. ನಾಲ್ಕನೆಯ ಗುಂಡಿಗಿಂತ ನನ್ನನ್ನು ಕಾಡಿದ್ದು ಅದರಲ್ಲಿರುವ ಹತ್ತು ದಿನಗಳ ಕಥೆ. ಜನವರಿ 20ರಂದು ಇದೇ ಬಿರ್ಲಾ ಹೌಸ್‌ನಲ್ಲಿ ಮದನ್‌ಲಾಲ್ ಪಹ್ವಾ ಸ್ಫೋಟ ಮಾಡಿ ಸಿಕ್ಕಿಬಿದ್ದಿದ್ದ. ತನ್ನ ಗುಂಪಿನಲ್ಲಿ ಒಬ್ಬ ಪತ್ರಿಕಾ ಸಂಪಾದಕನಿದ್ದಾನೆ ಎಂಬ ಸುಳಿವೂ ಅವನಿಂದ ಸಿಕ್ಕಿತ್ತು. ಮರುದಿನವೇ ಮುಂಬಯಿಯ ಪ್ರಾಧ್ಯಾಪಕ ಜೆ.ಸಿ. ಜೈನ್ ಆಗಿನ ಮುಂಬಯಿ ಪ್ರಾಂತ್ಯದ ಗೃಹಮಂತ್ರಿ ಮೊರಾರ್ಜಿ ದೇಸಾಯಿಯವರಿಗೆ ಸಂಚಿನ ಬಗ್ಗೆ ತಿಳಿಸಿದ್ದರು. ಆದರೂ ಸಂಪಾದಕ ಗೋಡ್ಸೆ ಮತ್ತೆ ದೆಹಲಿಗೆ ಬಂದು ಅದೇ ಹುಲ್ಲುಹಾಸಿನ ಮೇಲೆ ನಿಂತ.

ಗಾಂಧಿ ಸ್ಮೃತಿಯನ್ನು ಸಂಜೆ ಐದಕ್ಕೆ ಮುಚ್ಚುತ್ತಾರೆ. ನಾವು ರಾಜಘಾಟ್ ಮುಗಿಸಿ ತಿರುಗಿ ಅಲ್ಲಿಗೇ ಬಂದೆವು. ಬಾಗಿಲು ಹಾಕಿತ್ತು. ಮಾವ ಗೋಡೆಯ ಹೊರಗೆ ಫುಟ್‌ಪಾತ್ ಮೇಲೆ ಗಡಿಯಾರ ನೋಡುತ್ತ 5 ಗಂಟೆ 17 ನಿಮಿಷ ಆಗುವವರೆಗೆ ನಿಂತರು. ಆಮೇಲೆ ಇಬ್ಬರೂ ಆಟೋ ಹತ್ತಿದೆವು.