ಕಮಲದ ಚಿತ್ರ ಬರೆಯಲು ಹೋಗಿ ನೈದಿಲೆ

ಆಗಸ್ಟ್ 15 ಹತ್ತಿರ ಬಂತೆಂದರೆ ಶಾಲೆಯ ಗೋಡೆಗಳಲ್ಲಿ, ವಾಟ್ಸಾಪ್ ಚಿತ್ರಗಳಲ್ಲಿ ‘ನಮ್ಮ ರಾಷ್ಟ್ರೀಯ ಪುಷ್ಪ’ ಎಂಬ ತಲೆಬರಹದ ಕೆಳಗೆ ನೈದಿಲೆ ಅರಳಿರುತ್ತದೆ. ನಮ್ಮ ರಾಷ್ಟ್ರೀಯ ಪುಷ್ಪ ಕಮಲ; ಚಿತ್ರದ ಎಲೆಗೆ ಸೀಳು ಬಿದ್ದರೆ ಅಲ್ಲಿಗೆ ಅದು ಕಮಲವಲ್ಲ.

ಹೂವು ನೀರಿನಿಂದ ಮೇಲೆದ್ದರೆ ಕಮಲ ಎನ್ನುವ ಗುರುತು ಚಾಲ್ತಿಯಲ್ಲಿದೆ. ನಂಬಬೇಡಿ. ನಮ್ಮ ಕೆರೆಗಳ ನೈದಿಲೆಗಳೂ ಹೂವನ್ನು ನೀರಿನಿಂದ ಮೇಲೆ ಎತ್ತಿ ಹಿಡಿಯುತ್ತವೆ. ಕಮಲದ ಎಳೆಯ ಎಲೆಗಳು ನೀರಿನ ಮೇಲೆ ತೇಲುವುದರಿಂದ ಎಲೆ ತೇಲುವುದೂ ಸಾಕ್ಷಿಯಲ್ಲ. ತೊಟ್ಟು ಎಲೆಗೆ ಸೇರುವ ಜಾಗ ನೋಡಿ. ಕಮಲದ ಎಲೆ ಇಡಿಯಾಗಿ ದುಂಡು, ತೊಟ್ಟು ಕೆಳಗಿನಿಂದ ನಟ್ಟನಡುವೆ ಕೂತಿರುತ್ತದೆ, ಮೈತುಂಬ ಸಣ್ಣ ಮುಳ್ಳು. ನೈದಿಲೆಯ ಎಲೆ ಅಂಚಿನಿಂದ ತೊಟ್ಟಿನವರೆಗೆ ಸೀಳಿರುತ್ತದೆ. ಹೂ ಬಿರಿದಿದ್ದರಂತೂ ಅನುಮಾನವೇ ಇಲ್ಲ: ಕಮಲದ ನಡುವೆ ಶವರ್ ಮೂತಿಯಂಥ ಹಳದಿ ಬೀಜಪೀಠ ಇರುತ್ತದೆ. ಅದು ಒಣಗಿದ ಮೇಲೂ ನೀರಿನಿಂದ ಮೇಲೆಯೇ ನಿಲ್ಲುತ್ತದೆ. ನೈದಿಲೆಯ ಕಾಯಿ ನೀರೊಳಗೆ ಮುಳುಗಿ ಮಾಗುತ್ತದೆ.

ಇವೆರಡೂ ಒಂದೇ ಕೆರೆಯಲ್ಲಿದ್ದರೂ ನೆಂಟರಲ್ಲ. ನೈದಿಲೆ (ನಿಂಫಿಯಾ) ಹೂಬಿಡುವ ಸಸ್ಯಗಳಲ್ಲೇ ಬಹಳ ಹಿಂದೆ ಕವಲೊಡೆದ ಗುಂಪಿನದು. ಕಮಲಕ್ಕೆ (ನೆಲಂಬೊ) ಹತ್ತಿರದ ಬಳಗವೆಂದರೆ ಕಾಶ್ಮೀರದ ಚಿನಾರ್ ಮರ, ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್. ಕಾಫಿ ತೋಟದವರಿಗೆ ಇದು ತಮಾಷೆಯಾಗಿ ಕಾಣಬಹುದು!

ನೆರೆಯ ದೇಶಗಳು ರಾಷ್ಟ್ರೀಯ ಪುಷ್ಪವಾಗಿ ಆರಿಸಿಕೊಂಡದ್ದು ನೈದಿಲೆಯನ್ನೇ. ಬಾಂಗ್ಲಾದೇಶದ ಬಿಳಿ ಶಾಪ್ಲಾ ಸಂವಿಧಾನದ 4ನೇ ವಿಧಿಯಲ್ಲೇ ಇದೆ. ಲಾಂಛನದಲ್ಲಿ ಅದು ನೀರಿನ ಮೇಲೆ, ಎರಡು ಪಕ್ಕಕ್ಕೂ ಭತ್ತದ ತೆನೆಗಳ ನಡುವೆ ಕೂತಿದೆ. ಶ್ರೀಲಂಕಾ 1986ರಲ್ಲಿ ನೀಲಿ ಮಾನೆಲ್ ಅನ್ನು ಆರಿಸಿಕೊಂಡಿತು. ಈಜಿಪ್ಟಿನ ಗೋರಿಚಿತ್ರಗಳ ‘ನೀಲಕಮಲ’ವೂ ನೈದಿಲೆಯೇ. ಯಾಕೆಂದರೆ ಕಮಲದಲ್ಲಿ ನೀಲಿ ಇಲ್ಲವೇ ಇಲ್ಲ. ನಮ್ಮ ಕಮಲದಲ್ಲಿ ಬಿಳಿ, ಗುಲಾಬಿ, ಅಮೆರಿಕದ್ದರಲ್ಲಿ ಹಳದಿ.

ನಮ್ಮ ಕಮಲದ ಸಂಕೇತಕ್ಕೆ ಆಧಾರ ಎಲೆಯ ಮೇಣ. ಅದರ ಸೂಕ್ಷ್ಮ ಉಬ್ಬುಗಳ ಮೇಲೆ ನೀರು ನಿಲ್ಲದೆ ಉರುಳುವಾಗ ಧೂಳನ್ನೂ ಹೊತ್ತೊಯ್ಯುತ್ತದೆ. ಕೆಸರು ಅಂಟದ ಗುಣ ಕವಿಕಲ್ಪನೆಯಲ್ಲ. ಆದರೂ ಸಾರನಾಥದ ಸಿಂಹಗಳ ಕೆಳಗಿದ್ದ ಗಂಟೆಯಾಕಾರದ ತಲೆಕೆಳಗಾದ ಕಮಲವನ್ನು 1950ರ ಜನವರಿ 26ರಂದು ಅಳವಡಿಸಿಕೊಂಡ ರಾಷ್ಟ್ರಲಾಂಛನದಲ್ಲಿ ಕೈಬಿಡಲಾಯಿತು. 1954ರಲ್ಲಿ ಶುರುವಾದ ಪದ್ಮ ಪ್ರಶಸ್ತಿಗಳಲ್ಲಿ ಅದು ಹೆಸರಾಗಿಯೂ ಪದಕದ ಹೂವಾಗಿಯೂ ಉಳಿದಿದೆ. ಕರ್ನಾಟಕದ ರಾಜ್ಯಪುಷ್ಪವೂ ಕಮಲವೇ, ಹಾಗಾಗಿ ನವೆಂಬರ್ 1ರ ಬ್ಯಾನರ್ ಬರೆಯುವವರೂ ಎಲೆಯ ಸೀಳನ್ನು ಒಮ್ಮೆ ನೋಡಿಕೊಳ್ಳಿ.