ಹೊತ್ತಿಕೊಂಡು ಆರಿಹೋಗುವ ಗೀಸರ್

9 ನವೆಂಬರ್ 2024, ಶನಿವಾರ

ಬೆಳಗ್ಗೆ ಕ್ಯಾರವಾನಿನ ಗ್ಯಾಸ್ ಗೀಸರ್ ಕೈಕೊಟ್ಟಿತು. ಸ್ವಿಚ್ ಹಾಕಿ ಸ್ವಲ್ಪ ಹೊತ್ತಿಗೆ ಪಕ್ಕದ ಕೆಂಪು ದೀಪ ಬಂತು, ಬಂದದ್ದು ಹೋಗಲೇ ಇಲ್ಲ. ಉರಿ ಹೊತ್ತಿಸಲು ಮೂರು ಸಲ ನೋಡಿ, ಆಗದೆ ತಾನೇ ಬಂದ್ ಆಗಿದೆ ಅಂತ ಅದರ ಅರ್ಥ. ಕೆಲವು ಮಾದರಿಗಳು ಒಂದೇ ಸಲಕ್ಕೆ ನಿಲ್ಲಿಸಿಬಿಡುತ್ತವೆ. ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಲೆಕ್ಕ ಮೊದಲಿನಿಂದ ಶುರು.

"ಬೋರ್ಡ್ ಹೋಗಿರ್ಬೇಕು ಕಣೇ," ಅಂದರು ಇವರು. ಬೋರ್ಡ್ ಅಂದರೆ ಕಿಡಿ, ಗ್ಯಾಸ್ ಎರಡನ್ನೂ ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್. ಇವರಿಗೆ ಯಾವುದು ಕೆಟ್ಟರೂ ಬೋರ್ಡೇ. ಹೊಸ ಬೋರ್ಡ್ ಹಾಕಿದರೂ ಹಳೇ ಕಥೆಯೇ ಮುಂದುವರಿಯುವುದನ್ನು ಬೇರೆಯವರ ಗಾಡಿಗಳಲ್ಲಿ ಬೇಕಾದಷ್ಟು ನೋಡಿದ್ದೇನೆ.

"ತಡೀರಿ, ಮೊದಲು ಏನು ಸದ್ದು ಬರುತ್ತೆ ಕೇಳೋಣ. ನಾನು ಹೊರಗೆ ಹೋಗ್ತೀನಿ, ಕರೆದಾಗ ಸ್ವಿಚ್ ಹಾಕಿ," ಅಂದೆ.

ಹೊರಗಿನ ಮುಚ್ಚಳ ತೆಗೆದು ಪಕ್ಕಕ್ಕೆ ನಿಂತುಕೊಂಡೆ. ಎದುರಿಗೆ ಮುಖ ಇಟ್ಟು ನೋಡುವುದು ಬೇಡವೇ ಬೇಡ. ಹೊತ್ತದೇ ಉಳಿದ ಗ್ಯಾಸ್ ಒಳಗೆ ಸೇರಿದ್ದರೆ ಮುಂದಿನ ಕಿಡಿಗೆ ಭಗ್ ಅಂತ ಹೊರಗೆ ಬರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಅದಕ್ಕೇ ಒಂದು ಸಲ ಹೊತ್ತದಿದ್ದರೆ ಐದು ನಿಮಿಷ ಸುಮ್ನೆ ಬಿಡಬೇಕು.

ಸದ್ದಿನ ವಿಷಯ ಇಷ್ಟೇ. ಏನೂ ಕೇಳಿಸದಿದ್ದರೆ ಕರೆಂಟಿನ ಕಡೆ ನೋಡಬೇಕು: ಫ್ಯೂಸ್, ಸ್ವಿಚ್, ಬ್ಯಾಟರಿ, ಇಲ್ಲವೇ ನೀರು ವಿಪರೀತ ಕಾದಾಗ ಸರ್ಕ್ಯೂಟ್ ಕಡಿಯುವ ಥರ್ಮೋಸ್ಟಾಟ್. ಅದು ಸಾಮಾನ್ಯವಾಗಿ 82 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕಡಿಯುತ್ತದೆ. ಟಿಕ್ ಟಿಕ್ ಅಂತ ಕಿಡಿ ಹಾರುತ್ತಲೇ ಇದ್ದು ಉರಿ ಬರದಿದ್ದರೆ ಗ್ಯಾಸ್ ಬರುತ್ತಿಲ್ಲ, ಅಥವಾ ಕಿಡಿ ಸರಿಯಾದ ಜಾಗದಲ್ಲಿ ಹಾರುತ್ತಿಲ್ಲ. ಉರಿ ಹೊತ್ತಿಕೊಂಡು ಕೆಲವು ಸೆಕೆಂಡಿಗೆ ಆರಿದರೆ ಅದು ಬೇರೆಯೇ ರೋಗ.

ನಮ್ಮದು ಈ ಮೂರನೆಯದು. ವಾಲ್ವ್ ಟಕ್ ಅಂತು, ಕಿಡಿ ಹಾರಿತು, ಬುಸ್ ಅಂತ ಹೊತ್ತಿಕೊಂಡಿತು, ಏಳೆಂಟು ಸೆಕೆಂಡಿಗೆ ಆರಿಹೋಯಿತು. ಮತ್ತೆ ಅದೇ.

ಅಂದರೆ ಗ್ಯಾಸ್ ಬರುತ್ತಿದೆ, ಕಿಡಿಯೂ ಇದೆ. ಆದರೆ ಉರಿ ಇದೆ ಅನ್ನುವುದು ಬೋರ್ಡಿಗೆ ಗೊತ್ತಾಗುತ್ತಿಲ್ಲ. ಇದು ಗೊತ್ತಾಗುವ ರೀತಿ ನನಗೆ ಬಹಳ ಇಷ್ಟ. ಬೆಂಕಿಯ ಮೂಲಕ ವಿದ್ಯುತ್ ಸ್ವಲ್ಪ ಹರಿಯುತ್ತದೆ, ಅದೂ ಒಂದು ದಿಕ್ಕಿಗೆ ಜಾಸ್ತಿ. ಬೋರ್ಡ್ ಎಲೆಕ್ಟ್ರೋಡ್ ಅನ್ನುವ ಲೋಹದ ಕಡ್ಡಿಗೆ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್ ಕೊಡುತ್ತದೆ. ಕಡ್ಡಿ ಉರಿಯೊಳಗೆ ಇದ್ದರೆ ಕೆಲವೇ ಮೈಕ್ರೋ ಆಂಪಿಯರ್‌ನಷ್ಟು ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟ್ ಕಾಣಿಸಿಕೊಳ್ಳುತ್ತದೆ. ಅದು ಕಂಡರಷ್ಟೇ ಗ್ಯಾಸ್ ವಾಲ್ವ್ ತೆರೆದಿರುತ್ತದೆ. ಕಾಣದಿದ್ದರೆ ಬಂದ್. ಕಡ್ಡಿಗೆ ಮಸಿ ಹತ್ತಿದರೆ, ಬರ್ನರಿನ ಅರ್ತಿಂಗ್ ಸ್ಕ್ರೂ ತುಕ್ಕು ಹಿಡಿದರೆ, ಕಡ್ಡಿ ಉರಿಯಿಂದ ಆಚೆ ಬಾಗಿದರೆ, ಆ ಚೂರು ಕರೆಂಟ್ ಹೋಗಿಬಿಡುತ್ತದೆ.

ಇದಕ್ಕೂ ಮೊದಲು ಬ್ಯಾಟರಿ ನೋಡಿದೆ. ಸುಮ್ಮನಿರುವಾಗ 12.6 ವೋಲ್ಟ್ ತೋರಿಸಿದ್ದರಿಂದ ಏನೂ ಪ್ರಯೋಜನವಿಲ್ಲ. ಕಿಡಿ ಹಾರುವ ಹೊತ್ತಿಗೆ ಬೋರ್ಡಿನ ತುದಿಯಲ್ಲೇ ಅಳೆಯಬೇಕು. ತುಕ್ಕು ಹಿಡಿದ ಕನೆಕ್ಟರ್ ತನ್ನ ಮಾಯೆ ತೋರಿಸುವುದು ಆಗಲೇ. ಅಲ್ಲೂ 12ರ ಮೇಲೇ ಇತ್ತು. ಸರಿ.

ಗ್ಯಾಸ್ ಬಂದ್ ಮಾಡಿ ಕಡ್ಡಿ ಬಿಚ್ಚಿದೆ. ಕಪ್ಪಾಗಿತ್ತು. ಸಣ್ಣ ಸ್ಯಾಂಡ್ ಪೇಪರಿನಿಂದ ಉಜ್ಜಿದೆ. ಅರ್ತಿಂಗ್ ಸ್ಕ್ರೂ ತೆಗೆದು, ಹೊಳೆಯುವವರೆಗೆ ಕೆರೆದು ಬಿಗಿದೆ. ಕಿಡಿ ಹಾರುವ ಸಂದು 3 ಮಿಲಿಮೀಟರಿನಷ್ಟು ಇರಲಿ ಅಂತ ನೋಡಿಕೊಂಡೆ. ಬೋರ್ಡಿನ ಅಂಚಿನ ತಾಮ್ರದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಒರೆಸಿದೆ. ಹಳೇ ಉಪಾಯ, ಆದರೆ ಕೆಲಸ ಮಾಡುತ್ತದೆ.

ಹೊತ್ತಿಕೊಂಡಿತು. ಈ ಸಲ ಆರಲಿಲ್ಲ. ಇವರು ಒಳಗಿಂದ "ಆಯ್ತಾ?" ಅಂದರು. ನನಗೆ ಸಮಾಧಾನ ಇರಲಿಲ್ಲ, ಯಾಕೆಂದರೆ ಕಡ್ಡಿಗೆ ಅಷ್ಟು ಮಸಿ ಎಲ್ಲಿಂದ ಬಂತು? ಒಳ್ಳೆಯ ಉರಿ ಮಸಿ ಮಾಡುವುದಿಲ್ಲ. ಬಗ್ಗಿ ನೋಡಿದರೆ ನೀಲಿ ಇರಬೇಕಾದ ಕಡೆ ಹಳದಿ. ಸೊಂಪಾಗಿ, ಸೋಮಾರಿಯಾಗಿ ಅತ್ತಿತ್ತ ತೂಗಾಡುತ್ತಿತ್ತು. ಸ್ವಲ್ಪ ಗಾಳಿ ಬೀಸಿದ್ದೇ ತಡ, ಉರಿ ಕಡ್ಡಿ ಬಿಟ್ಟು ಸರಿಯಿತು, ವಾಲ್ವ್ ಟಕ್ ಅಂತ ಮುಚ್ಚಿತು.

ಹಳದಿ ಉರಿ ಅಂದರೆ ಗಾಳಿ ಸಾಲದು. ಗ್ಯಾಸ್ ಆರಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಗ್ಯಾಸಿಗೆ ಗಾಳಿ ಬೆರೆಯುವ ಬರ್ನರ್ ಕೊಳವೆಯೊಳಗೆ ಟಾರ್ಚ್ ಹಿಡಿದೆ. ಜೇಡರ ಬಲೆ! ಪೂರ್ತಿ ಮುಚ್ಚಿರಲಿಲ್ಲ, ಬಗ್ಗುವ ಕಡೆ ಬಿಳೀ ಹತ್ತಿಯ ಹಾಗೆ ಒಂದು ಉಂಡೆ. ಜೇಡಗಳಿಗೂ ಕಣಜಗಳಿಗೂ ಈ ಕೊಳವೆ ಬಹಳ ಪ್ರೀತಿ. ಗ್ಯಾಸ್ ಸೋರಿದರೆ ತಿಳಿಯಲಿ ಅಂತ ಸೇರಿಸುವ ವಾಸನೆಗೇ ಅವು ಬರುತ್ತವೆ ಅನ್ನುತ್ತಾರೆ. ಗಾಡಿ ಕೆಲವು ತಿಂಗಳು ನಿಂತಿದ್ದರಂತೂ ಮುಗೀತು. ಉದ್ದದ ಸಪೂರ ಬ್ರಷ್ ತೂರಿಸಿ ಎಳೆದೆ, ಕೈಪಂಪಿನಿಂದ ಗಾಳಿ ಹೊಡೆದೆ. ಗ್ಯಾಸ್ ಬರುವ ಸಣ್ಣ ತೂತಿಗೆ ಮಾತ್ರ ತಂತಿ, ಸೂಜಿ ಯಾವುದೂ ಹಾಕಬಾರದು. ಒಂದು ಕೂದಲಿನಷ್ಟು ದೊಡ್ಡದಾದರೂ ಗ್ಯಾಸಿನ ಲೆಕ್ಕ ತಪ್ಪುತ್ತದೆ. ಸ್ಪಿರಿಟ್‌ನಲ್ಲಿ ನೆನೆಸಿ ಒಣಗಿಸಿದರೆ ಸಾಕು.

ಜೋಡಿಸಿ, ಸಿಲಿಂಡರ್ ನಿಧಾನಕ್ಕೆ ತೆರೆದು, ಕೀಲುಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳದಿರುವುದನ್ನು ನೋಡಿದೆ. ಸಿಲಿಂಡರ್ ದಡಕ್ಕನೆ ತೆರೆದರೆ ಕೆಲವು ವಾಲ್ವ್‌ಗಳು ಎಲ್ಲೋ ಪೈಪ್ ಒಡೆದಿದೆ ಅಂದುಕೊಂಡು ಗ್ಯಾಸ್ ತಡೆದುಬಿಡುತ್ತವೆ. ಉರಿ ಈಗ ಗಟ್ಟಿ ನೀಲಿ. ಗಾಳಿ ಬೀಸಿದರೂ ಅಲುಗಲಿಲ್ಲ. ಒಳಗೆ ಒಲೆಯ ಎರಡೂ ಬರ್ನರ್ ಹಚ್ಚಿಸಿ ನೋಡಿದೆ, ಆಗಲೂ ಗೀಸರ್ ಉರಿ ಕುಗ್ಗಲಿಲ್ಲ. ಹಾಗಾಗಿ ರೆಗ್ಯುಲೇಟರ್ ಮೇಲೆ ಅನುಮಾನ ಬೇಡ.

ಜೇಡ ಮತ್ತೆ ಬಾರದ ಹಾಗೆ ಗೀಸರ್ ಮುಚ್ಚಳದ ಕಿಂಡಿಗೆ ಜಾಲರಿ ಹಾಕೋಣ ಅಂದರು ಇವರು. ನಮ್ಮ ಗೀಸರ್ ಕೈಪಿಡಿ ಅದು ಬೇಡ ಅನ್ನುತ್ತದೆ, ಗಾಳಿ ಕಡಿಮೆಯಾಗುತ್ತದೆ ಅಂತ. ಬೇಡ ಅಂದೆ.

ಸಂಜೆ ಇನ್ನೊಂದು ತಮಾಷೆ. ನೀರು ಉಗುರುಬೆಚ್ಚಗೆ ಮಾತ್ರ ಬಂತು. ಗೀಸರಿನ ತಪ್ಪಲ್ಲ. ಇವರು ಹೊರಗಿನ ಶವರಿನಲ್ಲಿ ಕಾಲು ತೊಳೆದು, ಶವರ್ ಹಿಡಿಯ ಗುಂಡಿ ಮಾತ್ರ ಒತ್ತಿ ಬಂದಿದ್ದರು. ಬಿಸಿ, ತಣ್ಣೀರು ಎರಡೂ ನಲ್ಲಿ ತೆರೆದೇ ಇದ್ದರೆ ತಣ್ಣೀರು ಅಲ್ಲಿಂದಲೇ ಬಿಸಿನೀರಿನ ಪೈಪಿಗೆ ದಾಟುತ್ತದೆ. ಎರಡೂ ಮುಚ್ಚಿದ ಮೇಲೆ ಸರಿಯಾಯಿತು.

ಟ್ಯಾಂಕಿನಲ್ಲಿ ಒತ್ತಡ ಹೆಚ್ಚಾದಾಗ ನೀರು ಹೊರಗೆ ಬಿಡುವ ಸೇಫ್ಟಿ ವಾಲ್ವ್ ಮಾತ್ರ ಒಂದೊಂದೇ ಹನಿ ಬಿಡುತ್ತಿದೆ. ಟ್ಯಾಂಕಿನ ಮೇಲ್ಭಾಗದ ಗಾಳಿ ಕರಗಿಹೋಗಿರಬೇಕು, ಕಾದ ನೀರಿಗೆ ಹಿಗ್ಗಲು ಜಾಗವಿಲ್ಲ. ಗೀಸರ್ ಮತ್ತು ಪಂಪ್ ಆರಿಸಿ, ಬಿಸಿನೀರಿನ ನಲ್ಲಿ ತೆರೆದು, ವಾಲ್ವಿನ ಹಿಡಿ ಎತ್ತಿ, ನೀರು ನಿಲ್ಲುವವರೆಗೆ ಬಿಟ್ಟರೆ ಗಾಳಿ ಮತ್ತೆ ತುಂಬಿಕೊಳ್ಳುತ್ತದೆ. ನೀರು ಬಿಸಿ ಇರುವಾಗ ಅದಕ್ಕೆ ಕೈ ಹಾಕುವ ಹಾಗಿಲ್ಲ. ನಾಳೆ ಬೆಳಗ್ಗೆ, ಸ್ವಿಚ್ ಹಾಕುವ ಮೊದಲೇ ಮಾಡುತ್ತೇನೆ.